ಮಲಗುವ ಮುನ್ನದ ಇಸ್ತಿಗ್ಫಾರ್

ದಿನದ ದುಡಿಮೆ ಮುಗಿಸಿ ಹಾಸಿಗೆ ಸೇರುವ ಮುಸ್ಲಿಮನು ತನ್ನಿಂದಾದ ಪಾಪಗಳಿಗಾಗಿ ಅಲ್ಲಾಹನಲ್ಲಿ ಕ್ಷಮೆ ಬೇಡುವ ಕಿರುಪ್ರಾರ್ಥನೆ. ಇಸ್ತಿಗ್ಫಾರ್ ಎಂದರೆ ಕ್ಷಮಾಯಾಚನೆ. ದುವಾ ಎಂದರೆ ಬೇಡಿಕೆ. ಪಾಪದಿಂದ ಹಿಂದಿರುಗಿ ಅಲ್ಲಾಹನ ಕಡೆಗೆ ಮುಖ ಮಾಡುವುದಕ್ಕೆ ತೌಬಾ ಎಂದು ಹೆಸರು. ಈ ಮೂರೂ ಒಂದೆಡೆ ಸೇರುವ ಈ ಪ್ರಾರ್ಥನೆ ದಿನದ ಐದು ಹೊತ್ತಿನ ನಮಾಜಿನಂತೆ ಕಡ್ಡಾಯವಾದುದಲ್ಲ. ಪ್ರವಾದಿ ಮುಹಮ್ಮದರ ನಡವಳಿಕೆಯನ್ನು ಅನುಸರಿಸಿ ಬಂದ ಐಚ್ಛಿಕ ಆಚರಣೆ, ಅಂದರೆ ಸುನ್ನತ್. ಇದಕ್ಕೆ ಮಸೀದಿ ಬೇಕಿಲ್ಲ, ಮುಂದೆ ನಿಂತು ನಡೆಸುವ ಇಮಾಮರು ಬೇಕಿಲ್ಲ, ಅಜಾನಿನ ಕರೆಯೂ ಇಲ್ಲ. ಹೇಳುವವನ ತುಟಿಗೂ ಅವನ ಮನಸ್ಸಿಗೂ ಗೊತ್ತಾದರೆ ಸಾಕು. ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದ ಮುಸ್ಲಿಂ ಮನೆಗಳಲ್ಲಿ ಮಕ್ಕಳು ಮೊದಲು ಕಲಿಯುವ ದುವಾಗಳಲ್ಲಿ ಊಟದ ದುವಾದ ಜೊತೆಗೇ ಮಲಗುವ ದುವಾವೂ ಸೇರುತ್ತದೆ. ಆ ನೆಲದ ಇತಿಹಾಸ ಮತ್ತು ಕಸುಬುಗಳ ನಡುವೆ ಇಟ್ಟು ನೋಡಿದಾಗ ಇದರ ಅರ್ಥ ಇನ್ನಷ್ಟು ಸ್ಪಷ್ಟವಾಗುತ್ತದೆ.

ನಿದ್ರೆಯ ಕಲ್ಪನೆ

ಕ್ಷಮೆಯ ಬೇಡಿಕೆಗೂ ಹಾಸಿಗೆಗೂ ಇರುವ ನಂಟನ್ನು ತಿಳಿಯಲು ನಿದ್ರೆಯ ಬಗೆಗಿನ ಇಸ್ಲಾಮೀ ಕಲ್ಪನೆಯಿಂದ ಹೊರಡಬೇಕು. ಕುರ್‌ಆನಿನ 39ನೆಯ ಅಧ್ಯಾಯದ 42ನೆಯ ವಚನದ ಪ್ರಕಾರ ಅಲ್ಲಾಹನು ಸಾಯುವವರ ಜೀವವನ್ನು ಮರಣದ ಹೊತ್ತಿಗೂ, ಸಾಯದವರ ಜೀವವನ್ನು ನಿದ್ರೆಯಲ್ಲಿಯೂ ವಶಕ್ಕೆ ತೆಗೆದುಕೊಳ್ಳುತ್ತಾನೆ. ಮರಣ ನಿಶ್ಚಯವಾದವರ ಜೀವವನ್ನು ತನ್ನಲ್ಲೇ ಇರಿಸಿಕೊಂಡು ಉಳಿದವರದನ್ನು ಒಂದು ಅವಧಿಯವರೆಗೆ ಮರಳಿ ಕಳಿಸುತ್ತಾನೆ. 6ನೆಯ ಅಧ್ಯಾಯದ 60ನೆಯ ವಚನದಲ್ಲೂ ಇದೇ ಭಾವವಿದೆ. ನಿದ್ರೆ ಹೀಗೆ ದಿನಕ್ಕೊಮ್ಮೆ ಬರುವ ಸಣ್ಣ ಮರಣವಾದ್ದರಿಂದ, ಮಲಗುವವನು ಮತ್ತೆ ಏಳುವ ಖಾತರಿಯಿಲ್ಲದೆ ಕಣ್ಣು ಮುಚ್ಚುತ್ತಾನೆ, ಆ ಕಾರಣದಿಂದ ಲೆಕ್ಕ ಚುಕ್ತಾ ಮಾಡಿ ಮಲಗುವುದು ವಿವೇಕ ಎಂಬುದು ಧರ್ಮವಿದ್ವಾಂಸರ ತರ್ಕ. ಪ್ರವಾದಿಯವರು ಮಲಗುವಾಗ ಅಲ್ಲಾಹನ ಹೆಸರಿನಲ್ಲೇ ಸಾಯುವ ಮತ್ತು ಬದುಕುವ ಮಾತನ್ನು ಹೇಳುತ್ತಿದ್ದರೆಂದೂ, ಎದ್ದಾಗ ಮರಣದ ಬಳಿಕ ಜೀವ ಕೊಟ್ಟವನಿಗೆ ಸ್ತುತಿ ಸಲ್ಲಿಸುತ್ತಿದ್ದರೆಂದೂ ಅನುಯಾಯಿ ಹುಜೈಫಾ ಅವರಿಂದ ಬಂದ ವರದಿ ಹೇಳುತ್ತದೆ. ಇವು ಇಂದಿಗೂ ಮಕ್ಕಳಿಗೆ ಕಲಿಸುವ ಅತಿ ಚಿಕ್ಕ ದುವಾಗಳು.

ರಾತ್ರಿಯ ಕ್ರಮ

ಹದೀಸ್ ಎಂದರೆ ಪ್ರವಾದಿಯವರ ಮಾತು ಮತ್ತು ನಡವಳಿಕೆಯ ವರದಿ. ಬೇರೆ ಬೇರೆ ಹದೀಸುಗಳಲ್ಲಿ ಚದುರಿರುವ ಸೂಚನೆಗಳನ್ನು ಒಗ್ಗೂಡಿಸಿದರೆ ರಾತ್ರಿಯ ಕ್ರಮ ಹೀಗಿರುತ್ತದೆ. ದಿನದ ಕೊನೆಯದಾದ ಇಶಾ ನಮಾಜು ಮುಗಿದ ಮೇಲೆ ಹೆಚ್ಚು ಹರಟೆಗೆ ಕೂಡದೆ ಮಲಗುವುದು ಮೆಚ್ಚಿನ ನಡತೆ. ಮಲಗುವವನು ವುಜೂ ಮಾಡುತ್ತಾನೆ, ಅಂದರೆ ನಮಾಜಿಗೆಂಬಂತೆ ಕೈ, ಬಾಯಿ, ಮೂಗು, ಮುಖ, ಮೊಣಕೈವರೆಗಿನ ತೋಳು, ಪಾದಗಳನ್ನು ತೊಳೆದು ತಲೆಗೆ ಒದ್ದೆಗೈ ಸವರಿಕೊಳ್ಳುತ್ತಾನೆ. ಹಾಸಿಗೆಯ ಮೇಲೆ ತಾನಿಲ್ಲದಾಗ ಏನು ಬಂದು ಕೂತಿದೆಯೋ ತಿಳಿಯದಾದ್ದರಿಂದ ಬಟ್ಟೆಯ ಸೆರಗಿನಿಂದ ಅದನ್ನು ಜಾಡಿಸುತ್ತಾನೆ. ಎರಡೂ ಅಂಗೈಗಳನ್ನು ಜೋಡಿಸಿ ಬಟ್ಟಲು ಮಾಡಿಕೊಂಡು, ಕುರ್‌ಆನಿನ ಕೊನೆಯ ಮೂರು ಕಿರು ಅಧ್ಯಾಯಗಳನ್ನು (112, 113, 114) ಓದಿ, ಅಂಗೈಗೆ ಉಸಿರೂದಿ, ತಲೆ ಮತ್ತು ಮುಖದಿಂದ ಮೊದಲು ಮಾಡಿ ಕೈ ನಿಲುಕುವಷ್ಟು ಮೈಯನ್ನೆಲ್ಲ ಸವರಿಕೊಳ್ಳುತ್ತಾನೆ. ಇದನ್ನು ಮೂರು ಸಲ ಮಾಡುತ್ತಾನೆ. ಪ್ರವಾದಿಯವರು ಪ್ರತಿರಾತ್ರಿ ಹೀಗೆ ಮಾಡುತ್ತಿದ್ದರೆಂದು ವರದಿ ಮಾಡಿದವರು ಅವರ ಪತ್ನಿ ಆಯಿಶಾ. ಬಳಿಕ ಬಲಮಗ್ಗುಲಾಗಿ, ಬಲಗೈಯನ್ನು ಕೆನ್ನೆಯಡಿ ಇಟ್ಟು ಮಲಗುತ್ತಾನೆ. ದಖ್ಖನಿನ ಮನೆಗಳಲ್ಲಿ ಈ ಮೂರು ಅಧ್ಯಾಯಗಳಿಗೆ 109ನೆಯದನ್ನೂ ಸೇರಿಸಿ ಚಾರ್ ಕುಲ್ ಎಂದು ಒಟ್ಟಿಗೆ ಓದುವ ರೂಢಿಯಿದೆ.

ರಕ್ಷಣೆಗಾಗಿ ಓದುವ ಪಾಠಗಳಲ್ಲಿ ಆಯತುಲ್ ಕುರ್ಸೀ (ಕುರ್‌ಆನ್ 2:255) ಪ್ರಮುಖವಾದುದು. ಅದೇ ಅಧ್ಯಾಯದ ಕೊನೆಯ ಎರಡು ವಚನಗಳು (285, 286) ರಾತ್ರಿ ಓದಿದವನಿಗೆ ಸಾಕಾಗುತ್ತವೆ ಎಂದು ಅಬೂ ಮಸ್‌ಊದ್ ಅವರ ವರದಿ ಹೇಳುತ್ತದೆ. ಆ ಕೊನೆಯ ವಚನ ಸ್ವತಃ ಒಂದು ಇಸ್ತಿಗ್ಫಾರ್: ಮರೆತು ಅಥವಾ ತಪ್ಪಿ ನಡೆದುದಕ್ಕೆ ಹಿಡಿಯಬೇಡ, ಹೊರಲಾಗದ ಹೊರೆ ಹೊರಿಸಬೇಡ, ಮನ್ನಿಸು, ಕ್ಷಮಿಸು, ಕರುಣೆ ತೋರು ಎಂಬ ಬೇಡಿಕೆ ಅದರಲ್ಲಿದೆ. 30 ವಚನಗಳ ಸೂರ ಮುಲ್ಕ್ (67ನೆಯ ಅಧ್ಯಾಯ) ಓದಿದವನ ಪರವಾಗಿ ಅವನಿಗೆ ಕ್ಷಮೆ ಸಿಗುವವರೆಗೂ ಶಿಫಾರಸು ಮಾಡುತ್ತದೆ ಎಂಬ ನಂಬಿಕೆಯಿಂದ ಹಿರಿಯರು ಅದನ್ನು ಇಶಾದ ನಂತರ ತಪ್ಪದೆ ಓದುತ್ತಾರೆ. 33 ಸಲ ಸುಬ್‌ಹಾನಲ್ಲಾಹ್, 33 ಸಲ ಅಲ್‌ಹಮ್ದುಲಿಲ್ಲಾಹ್, 34 ಸಲ ಅಲ್ಲಾಹು ಅಕ್ಬರ್ ಎಂದು ನೂರು ಎಣಿಸುವ ತಸ್ಬೀಹೆ ಫಾತಿಮಾದ ಹಿನ್ನೆಲೆ ದುಡಿಯುವ ಮನೆಗಳಿಗೆ ಬಹಳ ಹತ್ತಿರದ್ದು. ಬೀಸುಕಲ್ಲು ತಿರುವಿ ಕೈ ನೊಂದ ಪ್ರವಾದಿಯವರ ಮಗಳು ಫಾತಿಮಾ ಆಳೊಬ್ಬನನ್ನು ಕೇಳಲು ಬಂದಾಗ, ಪ್ರವಾದಿಯವರು ರಾತ್ರಿ ಮಗಳ ಮನೆಗೆ ಹೋಗಿ, ಆಳಿಗಿಂತ ಮೇಲಾದುದೆಂದು ಮಲಗುವಾಗ ಹೇಳುವ ಈ ಎಣಿಕೆಯನ್ನು ಕಲಿಸಿದರು ಎಂಬ ವರದಿಯನ್ನು ಹದೀಸ್ ಸಂಗ್ರಹಕಾರರಾದ ಇಮಾಮ್ ಬುಖಾರಿ ಮತ್ತು ಇಮಾಮ್ ಮುಸ್ಲಿಮ್ ಇಬ್ಬರೂ ಫಾತಿಮಾರ ಪತಿ ಅಲಿಯವರಿಂದ ದಾಖಲಿಸಿದ್ದಾರೆ.

ಪಾಪಕ್ಷಮೆಯನ್ನೇ ನೇರವಾಗಿ ಬೇಡುವ ಪಾಠಗಳು ಹಲವು. ಒಂದೇ ಪದದ ಅಸ್ತಗ್ಫಿರುಲ್ಲಾಹ್, ಅಂದರೆ ಅಲ್ಲಾಹನಲ್ಲಿ ಕ್ಷಮೆ ಬೇಡುತ್ತೇನೆ ಎಂಬುದು, ಎಲ್ಲಕ್ಕಿಂತ ಚಿಕ್ಕದು. ಇದನ್ನು ವಿಸ್ತರಿಸಿ, ಆತನ ಹೊರತು ಬೇರೆ ಆರಾಧ್ಯನಿಲ್ಲ, ಆತ ಸದಾ ಜೀವಂತನು, ಎಲ್ಲವನ್ನೂ ನಿಲ್ಲಿಸಿ ಹಿಡಿದವನು, ಆತನ ಕಡೆಗೇ ಹಿಂದಿರುಗುತ್ತೇನೆ ಎಂಬ ಭಾವದ ಪಾಠವನ್ನು ಮಲಗುವಾಗ ಮೂರು ಸಲ ಹೇಳುವುದು ವ್ಯಾಪಕವಾದ ರೂಢಿ. ಸಯ್ಯಿದುಲ್ ಇಸ್ತಿಗ್ಫಾರ್, ಅಂದರೆ ಕ್ಷಮಾಯಾಚನೆಗಳಲ್ಲಿ ಮೇಲಿನದು ಎಂದು ಹೆಸರಾದ ಪಾಠ ಇನ್ನೂ ದೊಡ್ಡದು. ತನ್ನನ್ನು ಸೃಷ್ಟಿಸಿದವನಿಗೆ ಕೊಟ್ಟ ಮಾತಿನ ಮೇಲೆ ಕೈಲಾದಷ್ಟು ನಿಂತಿರುವುದಾಗಿ ಹೇಳಿ, ಪಡೆದ ಅನುಗ್ರಹವನ್ನೂ ಮಾಡಿದ ಪಾಪವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಕೊಂಡು ಕ್ಷಮೆ ಕೇಳುವುದು ಅದರ ರಚನೆ. ಇದನ್ನು ನಂಬಿಕೆಯಿಂದ ಸಂಜೆ ಹೇಳಿ ಆ ರಾತ್ರಿ ತೀರಿಕೊಂಡವನು, ಹಾಗೆಯೇ ಬೆಳಿಗ್ಗೆ ಹೇಳಿ ಆ ಹಗಲು ತೀರಿಕೊಂಡವನು ಸ್ವರ್ಗವಾಸಿ ಎಂದು ಶದ್ದಾದ್ ಬಿನ್ ಔಸ್ ಅವರ ಹದೀಸು ಭರವಸೆ ಕೊಡುತ್ತದೆ. ಅಬೂ ಹುರೈರಾ ಅವರಿಂದ ಬಂದ, ಹಾಸಿಗೆ ಜಾಡಿಸುವ ಹದೀಸಿನ ಜೊತೆಗಿರುವ ದುವಾದಲ್ಲಿ ಬೇಡಿಕೆ ಎರಡು ಕವಲಾಗುತ್ತದೆ: ಜೀವವನ್ನು ಇರಿಸಿಕೊಳ್ಳುವುದಾದರೆ ಅದಕ್ಕೆ ಕರುಣೆ ತೋರು, ಮರಳಿ ಕಳಿಸುವುದಾದರೆ ಸಜ್ಜನರನ್ನು ಕಾಯುವಂತೆ ಅದನ್ನು ಕಾಯಿ. ಈ ಎರಡನೆಯ ಮಾತಿನಲ್ಲಿ ಮರುದಿನದ ನಡತೆಯ ಚಿಂತೆ ಇದೆ ಎಂಬುದನ್ನು ಗಮನಿಸಬೇಕು.

ಪಾಠದ ಶುದ್ಧಿಗೆ ಎಷ್ಟು ಬೆಲೆಯಿತ್ತೆಂಬುದನ್ನು ಬರಾ ಬಿನ್ ಆಜಿಬ್ ಅವರ ಪ್ರಸಂಗ ತೋರಿಸುತ್ತದೆ. ವುಜೂ ಮಾಡಿ ಬಲಮಗ್ಗುಲಾಗಿ ಮಲಗಿ ಹೇಳಬೇಕಾದ, ತನ್ನನ್ನು ಪೂರ್ಣವಾಗಿ ಅಲ್ಲಾಹನಿಗೆ ಒಪ್ಪಿಸಿಕೊಳ್ಳುವ ದುವಾವನ್ನು ಪ್ರವಾದಿಯವರು ಅವರಿಗೆ ಕಲಿಸಿ, ಅದೇ ಆ ರಾತ್ರಿಯ ಕೊನೆಯ ಮಾತಾಗಲಿ ಎಂದರು. ಬರಾ ಅದನ್ನು ಒಪ್ಪಿಸುವಾಗ ನಬಿ ಎಂಬಲ್ಲಿ ರಸೂಲ್ ಎಂದರು. ಎರಡೂ ಪ್ರವಾದಿಯನ್ನೇ ಸೂಚಿಸುವ ಪದಗಳಾದರೂ ಪ್ರವಾದಿಯವರು ತಡೆದು ಮೊದಲ ಪದವನ್ನೇ ಹೇಳಿಸಿದರು. ಅರಬ್ಬಿ ಪಾಠವನ್ನು ಅಕ್ಷರ ಬಿಡದೆ ಕಲಿಸುವ ಪದ್ಧತಿಗೆ ಇಂಥ ಪ್ರಸಂಗಗಳೇ ಆಧಾರ. ಆದರೂ ನಮಾಜಿನ ಹೊರಗೆ ತನ್ನ ಮಾತಿನಲ್ಲಿ, ಕನ್ನಡದಲ್ಲಾಗಲಿ ಉರ್ದುವಿನಲ್ಲಾಗಲಿ, ಕ್ಷಮೆ ಬೇಡುವುದಕ್ಕೆ ಯಾವ ಅಡ್ಡಿಯೂ ಇಲ್ಲ.

ವರದಿಗಳ ಬಲಾಬಲ

ಮಲಗುವಾಗ ಮೂರು ಸಲ ಹೇಳುವ ಇಸ್ತಿಗ್ಫಾರಿನ ಬಗ್ಗೆ ಜನಪ್ರಿಯವಾಗಿರುವ ಭರವಸೆ ಬಹಳ ದೊಡ್ಡದು: ಪಾಪಗಳು ಸಮುದ್ರದ ನೊರೆಯಷ್ಟಿರಲಿ, ಮರದ ಎಲೆಗಳಷ್ಟಿರಲಿ, ಆಲಿಜ್ ಮರುಭೂಮಿಯ ಮರಳಿನಷ್ಟಿರಲಿ, ಲೋಕದ ದಿನಗಳಷ್ಟಿರಲಿ, ಕ್ಷಮೆ ಸಿಗುತ್ತದೆ. ಇದನ್ನು ಅಬೂ ಸಈದ್ ಖುದ್ರಿ ಅವರ ಹೆಸರಿನಲ್ಲಿ ದಾಖಲಿಸಿದವರು ಇಮಾಮ್ ತಿರ್ಮಿಜಿ (ಮರಣ 892). ವರದಿಯನ್ನು ಒಂದು ಮಟ್ಟಿಗೆ ಒಪ್ಪಿಕೊಂಡರೂ ಇದು ತಮಗೆ ವರದಿಗಾರರ ಒಂದೇ ಸರಪಳಿಯಿಂದ ತಿಳಿದದ್ದು ಎಂದು ತಿರ್ಮಿಜಿಯವರೇ ಟಿಪ್ಪಣಿ ಬರೆದಿದ್ದಾರೆ. ಆ ಸರಪಳಿಯಲ್ಲಿ ಬರುವ ಉಬೈದುಲ್ಲಾಹ್ ಬಿನ್ ವಲೀದ್ ವಸ್ಸಾಫಿ ಮತ್ತು ಅತಿಯ್ಯಾ ಔಫಿ ಇಬ್ಬರನ್ನೂ ಹದೀಸ್ ವಿಮರ್ಶಕರು ದುರ್ಬಲ ವರದಿಗಾರರೆಂದು ಎಣಿಸಿರುವುದರಿಂದ ಅನೇಕ ವಿದ್ವಾಂಸರು ಈ ಹದೀಸನ್ನು ಜಈಫ್, ಅಂದರೆ ದುರ್ಬಲ, ಎಂದು ವರ್ಗೀಕರಿಸಿದ್ದಾರೆ. ಸದಾಚರಣೆಗೆ ಪ್ರೇರಣೆ ಕೊಡುವ ವಿಷಯದಲ್ಲಿ ತೀರ ಹುಸಿಯಲ್ಲದ ದುರ್ಬಲ ಹದೀಸನ್ನೂ ಬಳಸಬಹುದೆಂಬುದು ನವವಿಯವರಂಥ ಹಲವು ಹಿಂದಿನ ವಿದ್ವಾಂಸರ ನಿಲುವು; ಇದನ್ನು ಒಪ್ಪದವರೂ ಇದ್ದಾರೆ.

ಈ ದೌರ್ಬಲ್ಯ ಒಂದು ವರದಿಗೆ ಸೇರಿದ್ದೇ ಹೊರತು ಆಚರಣೆಗಲ್ಲ. ಇದೇ ಪದಗಳ ಇಸ್ತಿಗ್ಫಾರನ್ನು ಹೊತ್ತಿನ ನಿರ್ಬಂಧವಿಲ್ಲದೆ ಹೇಳಿದವನಿಗೆ ಕ್ಷಮೆ ಇದೆಯೆಂಬ ವರದಿ ಅಬೂ ದಾವೂದ್ (ಮರಣ 889) ಸಂಗ್ರಹದಲ್ಲಿ ಬೇರೆ ಸರಪಳಿಯಿಂದ ಬಂದಿದೆ. ಅಲ್ಲಾಹನ ಏಕತ್ವವನ್ನು ಸಾರುವ ಮತ್ತೊಂದು ಪಾಠವನ್ನು ಹಾಸಿಗೆಯಲ್ಲಿ ಹೇಳಿದವನ ಪಾಪ ಸಮುದ್ರದ ನೊರೆಯಷ್ಟಿದ್ದರೂ ಮನ್ನಾ ಆಗುತ್ತದೆ ಎಂಬ ವರದಿ ಇಬ್ನ್ ಹಿಬ್ಬಾನ್ (ಮರಣ 965) ಸಂಗ್ರಹದಲ್ಲಿದೆ. ಸಯ್ಯಿದುಲ್ ಇಸ್ತಿಗ್ಫಾರ್ ಬುಖಾರಿಯಲ್ಲೇ (ಮರಣ 870) ಇರುವುದರಿಂದ ಅದರ ಆಧಾರ ಗಟ್ಟಿಯಾದುದು. ಪ್ರವಾದಿಯವರು ದಿನಕ್ಕೆ 70ಕ್ಕೂ ಹೆಚ್ಚು ಸಲ ಕ್ಷಮೆ ಬೇಡುತ್ತಿದ್ದರೆಂದು ಬುಖಾರಿಯೂ, 100 ಸಲ ಎಂದು ಇಮಾಮ್ ಮುಸ್ಲಿಮರ ಸಂಗ್ರಹವೂ ಹೇಳುತ್ತವೆ. ನಸುಕಿನಲ್ಲಿ ಕ್ಷಮೆ ಬೇಡುವವರನ್ನು ಕುರ್‌ಆನ್ ಎರಡು ಕಡೆ (3:17, 51:17–18) ಹೊಗಳಿದೆ. ಆದ್ದರಿಂದ ಮಲಗುವ ಹೊತ್ತಿನ ಕ್ಷಮಾಯಾಚನೆಯನ್ನು ಬೋಧಿಸುವವರು ದುರ್ಬಲ ವರದಿಯ ದೊಡ್ಡ ಭರವಸೆಯನ್ನು ಮುಂದಿಡುವುದಕ್ಕಿಂತ ಈ ಗಟ್ಟಿ ಆಧಾರಗಳನ್ನು ಹೇಳುವುದೇ ಹೆಚ್ಚು ಪ್ರಾಮಾಣಿಕವಾದ ದಾರಿ.

ರಾತ್ರಿ ಮತ್ತು ಹಗಲಿನ ದುವಾಗಳನ್ನು ಒಂದೆಡೆ ಜೋಡಿಸುವ ಗ್ರಂಥಪ್ರಕಾರ ಬಹು ಹಳೆಯದು. ನಸಾಈ (ಮರಣ 915) ಮತ್ತು ಇಬ್ನುಸ್ಸುನ್ನಿ ಇಬ್ಬರೂ ಹಗಲಿರುಳಿನ ಕರ್ಮ ಎಂಬರ್ಥದ ಹೆಸರಿನಲ್ಲಿ ಸಂಗ್ರಹಗಳನ್ನು ರಚಿಸಿದರು. ನವವಿಯವರ (ಮರಣ 1277) ಅಲ್ ಅಜ್ಕಾರ್, ಇಬ್ನುಲ್ ಜಜರಿಯವರ (ಮರಣ 1429) ಹಿಸ್ನೆ ಹಸೀನ್ ಅದೇ ಪರಂಪರೆಯವು. ಎರಡನೆಯದು ಉರ್ದು ಅನುವಾದಗಳ ಮೂಲಕ ಭಾರತದಲ್ಲಿ ಬಹಳ ಬಳಕೆಯಲ್ಲಿದೆ.

ಮಾತಿನಿಂದ ತೀರದ ಬಾಕಿ

ಕ್ಷಮೆಯ ಪಾಠವನ್ನು ಬಾಯಲ್ಲಿ ಹೇಳಿದ ಮಾತ್ರಕ್ಕೆ ಪಾಪ ತೊಳೆದುಹೋಗುತ್ತದೆ ಎಂದು ಇಸ್ಲಾಮೀ ಶಾಸ್ತ್ರ ಹೇಳುವುದಿಲ್ಲ. ತೌಬಾ ಸಲ್ಲಬೇಕಾದರೆ ಆ ಪಾಪವನ್ನು ಕೂಡಲೇ ಬಿಡಬೇಕು, ಮಾಡಿದ್ದಕ್ಕೆ ಮನಸಾರೆ ಪಶ್ಚಾತ್ತಾಪಪಡಬೇಕು, ಮತ್ತೆ ಮಾಡುವುದಿಲ್ಲವೆಂದು ನಿಶ್ಚಯಿಸಬೇಕು. ಪಾಪವು ಇನ್ನೊಬ್ಬ ಮನುಷ್ಯನಿಗೆ ಸಂಬಂಧಿಸಿದ್ದರೆ ಇವುಗಳ ಜೊತೆಗೆ ಅವನ ಹಕ್ಕನ್ನು ಅವನಿಗೆ ಮರಳಿಸಬೇಕು. ರಿಯಾದುಸ್ಸಾಲಿಹೀನ್ ಗ್ರಂಥದಲ್ಲಿ ನವವಿ ಕೊಟ್ಟಿರುವ ಈ ನಾಲ್ಕು ನಿಬಂಧನೆಗಳಲ್ಲಿ ಕೊನೆಯದೇ ಬಹಳ ಕಠಿಣ. ಅಲ್ಲಾಹನಿಗೆ ಸಲ್ಲಬೇಕಾದುದು ಹುಕೂಕುಲ್ಲಾಹ್. ಜನರಿಗೆ ಸಲ್ಲಬೇಕಾದುದು ಹುಕೂಕುಲ್ ಇಬಾದ್. ಮೊದಲನೆಯದರಲ್ಲಿ ಆದ ಕೊರತೆಯನ್ನು ಅಲ್ಲಾಹನು ತನ್ನ ಕರುಣೆಯಿಂದ ಬಿಟ್ಟುಕೊಡಬಹುದು. ಎರಡನೆಯದನ್ನು ಬಿಟ್ಟುಕೊಡಬೇಕಾದವನು ಅನ್ಯಾಯಕ್ಕೆ ಒಳಗಾದ ಮನುಷ್ಯ. ನಿಜವಾದ ದಿವಾಳಿ ಯಾರು ಎಂದು ಪ್ರವಾದಿಯವರು ಒಮ್ಮೆ ಕೇಳಿ, ನಮಾಜು, ಉಪವಾಸ, ಜಕಾತು ಎಂಬ ಕಡ್ಡಾಯ ದಾನ ಇವುಗಳ ಪುಣ್ಯ ಹೊತ್ತು ಬಂದರೂ ಒಬ್ಬನನ್ನು ಬೈದು, ಇನ್ನೊಬ್ಬನ ಸ್ವತ್ತು ನುಂಗಿ, ಮತ್ತೊಬ್ಬನನ್ನು ಹೊಡೆದು ಬಂದವನೇ ದಿವಾಳಿ, ಅವನ ಪುಣ್ಯವೆಲ್ಲ ಅವರಿಗೆ ಹಂಚಿಹೋಗಿ, ಸಾಲದೆ ಬಂದರೆ ಅವರ ಪಾಪ ಇವನ ತಲೆಗೆ ಬರುತ್ತದೆ ಎಂದು ತಾವೇ ಉತ್ತರಿಸಿದ ವರದಿ ಇಮಾಮ್ ಮುಸ್ಲಿಮರ ಸಂಗ್ರಹದಲ್ಲಿದೆ. ಧರ್ಮಕ್ಕಾಗಿ ಪ್ರಾಣ ಕೊಟ್ಟವನಿಗೂ ಸಾಲವೊಂದನ್ನು ಬಿಟ್ಟು ಉಳಿದುದಷ್ಟೇ ಮನ್ನಾ ಎಂಬ ಮಾತೂ ಅಲ್ಲೇ ಇದೆ.

ರಬಕವಿ-ಬನಹಟ್ಟಿಯಂಥ ನೇಕಾರರ ಊರಿನಲ್ಲಿ, ಮುಧೋಳ-ಜಮಖಂಡಿಯಂಥ ಕಬ್ಬಿನ ಸೀಮೆಯಲ್ಲಿ ಈ ನಿಬಂಧನೆಗೆ ನೇರವಾದ ಅರ್ಥವಿದೆ. ಮಾಲೀಕರಿಂದ ನೂಲು ತಂದು ಸೀರೆ ನೇಯ್ದು ಮಜೂರಿ ಪಡೆಯುವ ವ್ಯವಸ್ಥೆಯಲ್ಲಿ ನೂಲಿನ ತೂಕ, ಮುಂಗಡದ ಹಣ, ವಾರದ ಮಜೂರಿ ಇವೆಲ್ಲ ಲೆಕ್ಕದ ಪುಸ್ತಕದಲ್ಲಿ ಎರಡೂ ಕಡೆಯ ಋಣವಾಗಿ ನಿಲ್ಲುತ್ತವೆ. ಕಬ್ಬು ಕಡಿಯುವ ಗ್ಯಾಂಗುಗಳೂ ಮುಂಗಡ ಹಿಡಿದೇ ಹೊಲಕ್ಕೆ ಇಳಿಯುತ್ತವೆ. ದುಡಿದವನ ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂದು ಇಬ್ನ್ ಮಾಜಾ ಸಂಗ್ರಹದ ಹದೀಸು ಹೇಳುತ್ತದೆ. ಕೂಲಿ ತಡೆಹಿಡಿದ ಮಾಲೀಕನಾಗಲಿ, ಮುಂಗಡ ಪಡೆದು ಕೆಲಸ ತಪ್ಪಿಸಿದ ಕೂಲಿಯಾಗಲಿ ರಾತ್ರಿ ನೂರು ಸಲ ಅಸ್ತಗ್ಫಿರುಲ್ಲಾಹ್ ಎಂದರೂ ಆ ಬಾಕಿ ಹಾಗೆಯೇ ಉಳಿಯುತ್ತದೆ. ಮಲಗುವ ಮುನ್ನದ ಇಸ್ತಿಗ್ಫಾರಿನ ಬಗ್ಗೆ ಬರೆಯುವವರು ಎಣಿಕೆಯ ಪುಣ್ಯವನ್ನು ವಿವರಿಸುವಷ್ಟು ಶ್ರದ್ಧೆಯಿಂದ ಈ ಬಾಕಿಯ ವಿಚಾರವನ್ನು ವಿವರಿಸುವುದು ಕಡಿಮೆ. ಪ್ರಾರ್ಥನೆಯ ತಿರುಳು ಇರುವುದು ಮಾತ್ರ ಇಲ್ಲಿಯೇ.

ಈ ತಿರುಳನ್ನು ಆತ್ಮಪರಿಶೀಲನೆಯ ಶಾಸ್ತ್ರವಾಗಿ ಬೆಳೆಸಿದವರು ಇಮಾಮ್ ಗಜ್ಜಾಲಿ (1058–1111). ಅವರ ಇಹ್ಯಾ ಉಲೂಮುದ್ದೀನ್ ಎಂಬ 40 ಭಾಗಗಳ ಗ್ರಂಥದಲ್ಲಿ ತೌಬಾಕ್ಕೆ ಮೀಸಲಾದ ಒಂದು ಭಾಗವಿದೆ. ಮುಹಾಸಬಾ, ಅಂದರೆ ತನ್ನ ಲೆಕ್ಕವನ್ನು ತಾನೇ ತಪಾಸಿಸುವುದರ ಬಗ್ಗೆ ಮತ್ತೊಂದು ಭಾಗವಿದೆ. ವ್ಯಾಪಾರಿ ತನ್ನ ಪಾಲುದಾರನಿಂದ ಲೆಕ್ಕ ಕೇಳುವಂತೆ ಮನುಷ್ಯನು ದಿನದ ಕೊನೆಗೆ ತನ್ನ ಮನಸ್ಸಿನಿಂದ ಅಸಲು, ಲಾಭ, ನಷ್ಟದ ಲೆಕ್ಕ ಕೇಳಬೇಕೆಂಬುದು ಅವರ ವಿಧಾನ. ಹಗೆತನವನ್ನು ಹಾಸಿಗೆಗೆ ಒಯ್ಯಬಾರದೆಂಬುದೂ ಇದರ ಅಂಗ. ಸ್ವರ್ಗಕ್ಕೆ ಸಲ್ಲುವವನೆಂದು ಪ್ರವಾದಿಯವರು ತೋರಿಸಿದ ಅನ್ಸಾರಿಯೊಬ್ಬರ, ಅಂದರೆ ಮದೀನಾದ ಅನುಯಾಯಿಯೊಬ್ಬರ, ಮನೆಯಲ್ಲಿ ಅಬ್ದುಲ್ಲಾಹ್ ಬಿನ್ ಅಮ್ರ್ ಮೂರು ರಾತ್ರಿ ಉಳಿದು ನೋಡಿದರು. ವಿಶೇಷವಾದ ಉಪಾಸನೆಯೇನೂ ಕಾಣದೆ ಕೊನೆಗೆ ಕೇಳಿಯೇ ಬಿಟ್ಟಾಗ, ಯಾವ ಮುಸ್ಲಿಮನ ಮೇಲೂ ಮನಸ್ಸಿನಲ್ಲಿ ಕಪಟವನ್ನಾಗಲಿ ಅಸೂಯೆಯನ್ನಾಗಲಿ ಇಟ್ಟುಕೊಳ್ಳುವುದಿಲ್ಲ ಎಂಬುದಷ್ಟೇ ಆತನಿಂದ ಬಂದ ಉತ್ತರ. ಈ ವರದಿ ಇಮಾಮ್ ಅಹ್ಮದರ (ಮರಣ 855) ಮುಸ್ನದ್‌ನಲ್ಲಿದೆ.

ಪಾಪವನ್ನು ಅಲ್ಲಾಹನ ಮುಂದೆ ಒಪ್ಪಿಕೊಳ್ಳಬೇಕೇ ಹೊರತು ಜನರ ಮುಂದೆ ಹೇಳಿಕೊಳ್ಳಬಾರದು. ರಾತ್ರಿ ಮಾಡಿದ ತಪ್ಪನ್ನು ಅಲ್ಲಾಹನು ಮುಚ್ಚಿಟ್ಟಿರುವಾಗ ಬೆಳಗಾದ ಮೇಲೆ ತಾನೇ ಬಿಚ್ಚಿ ಹೇಳುವವನನ್ನು ಹದೀಸು ಕಟುವಾಗಿ ಟೀಕಿಸುತ್ತದೆ. ಕ್ರೈಸ್ತರಲ್ಲಿ ಕ್ಯಾಥೊಲಿಕ್ ಪಂಥದವರು ಪಾದ್ರಿಯ ಮುಂದೆ ಪಾಪನಿವೇದನೆ ಮಾಡುವ ಸಂಸ್ಕಾರಕ್ಕೆ ಇಲ್ಲಿ ಸಮಾನವಾದುದಿಲ್ಲ. ಇದೇ ನೆಲದಲ್ಲಿ ಬಾಳಿಬಂದ ಜೈನಧರ್ಮದ ಪ್ರತಿಕ್ರಮಣದೊಂದಿಗೆ ಹೋಲಿಕೆ ಹೆಚ್ಚು ಉಪಯುಕ್ತ. ಮುಧೋಳವು ಜೈನಕವಿ ರನ್ನನ ಊರು. ರಬಕವಿಗೆ ಸಮೀಪದ ತೇರದಾಳದಲ್ಲಿ 12ನೆಯ ಶತಮಾನದ ನೇಮಿನಾಥ ಬಸದಿಯಿದೆ. ದಿನದ ಕೊನೆಗೆ, ತಿಳಿದೋ ತಿಳಿಯದೆಯೋ ಜೀವಿಗಳಿಗೆ ಆದ ನೋವನ್ನು ನೆನೆದು ಹಿಂದೆ ಸರಿಯುವ ಪ್ರತಿಕ್ರಮಣವೂ ದಿನದ ಲೆಕ್ಕವನ್ನು ದಿನದಲ್ಲೇ ಮುಗಿಸಲು ಬಯಸುತ್ತದೆ. ಅಲ್ಲಿ ಕ್ಷಮಿಸುವ ಸೃಷ್ಟಿಕರ್ತನಿಲ್ಲ, ಕರ್ಮದ ಕ್ಷಯವಿದೆ. ಇಲ್ಲಿ ಎಲ್ಲವೂ ಒಬ್ಬ ಕರುಣಾಮಯನ ಕ್ಷಮೆಯ ಮೇಲೆ ನಿಂತಿದೆ. ತತ್ತ್ವ ಬೇರೆಯಾದರೂ ಎರಡು ಸಮುದಾಯಗಳ ಸಂಜೆಗಳು ಇಷ್ಟು ಹತ್ತಿರ ಬರುವುದು ಗಮನಾರ್ಹ.

ಬಿಜಾಪುರ ಸೀಮೆಯ ಪರಂಪರೆ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಿರುವ ಬಾಗಲಕೋಟೆ ಜಿಲ್ಲೆ 1997ರವರೆಗೆ ಬಿಜಾಪುರ ಜಿಲ್ಲೆಯ ಭಾಗವಾಗಿತ್ತು. 1490ರ ಸುಮಾರಿನಿಂದ 1686ರವರೆಗೆ ಆಳಿದ ಆದಿಲಶಾಹಿಗಳ ರಾಜಧಾನಿ ಬಿಜಾಪುರ ಜಮಖಂಡಿಯಿಂದ ಸುಮಾರು 60 ಕಿ.ಮೀ. ದೂರದಲ್ಲಿದೆ. ಮುಧೋಳದ ಘೋರ್ಪಡೆಗಳು ಆದಿಲಶಾಹಿಗಳ ಸರದಾರರಾಗಿದ್ದರು. ಮುಂದೆ ಮುಧೋಳ ಘೋರ್ಪಡೆಗಳ, ಜಮಖಂಡಿ ಪಟವರ್ಧನರ ಸಂಸ್ಥಾನವಾಗಿ ಉಳಿದು 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದವು. ಇಲ್ಲಿಯ ಮುಸ್ಲಿಮರಲ್ಲಿ ಹೆಚ್ಚಿನವರು ಹನಫಿ ಪಂಥದ ಸುನ್ನಿಗಳು. ಈ ಅಂಶದಲ್ಲಿ ಇವರು ಶಾಫಿಈ ಪಂಥವನ್ನು ಅನುಸರಿಸುವ ಕರಾವಳಿಯ ಬ್ಯಾರಿ ಮತ್ತು ನವಾಯತರಿಂದ ಭಿನ್ನರು. ಮಲಗುವ ದುವಾಗಳ ವಿಷಯದಲ್ಲಿ ಮಾತ್ರ ಪಂಥಭೇದ ಅಷ್ಟಾಗಿ ಕಾಣುವುದಿಲ್ಲ.

ಬಿಜಾಪುರದ ಹೊರವಲಯದ ಶಾಹಪುರ ದಿಬ್ಬದಲ್ಲಿ ನೆಲೆಸಿದ ಚಿಶ್ತಿ ಸೂಫಿ ಶಾಹ ಮೀರಾಂಜಿ ಶಮ್ಸುಲ್ ಉಶ್ಶಾಕ್, ಅವರ ಮಗ ಬುರ್ಹಾನುದ್ದೀನ್ ಜಾನಮ್, ಮೊಮ್ಮಗ ಅಮೀನುದ್ದೀನ್ ಆಲಾ (ಮರಣ 1675) ಈ ಮೂವರೂ ಪಂಡಿತರ ಪಾರ್ಸಿಯನ್ನು ಬಿಟ್ಟು ಜನರ ದಖ್ಖನಿಯಲ್ಲಿ ಬರೆದರು. ದಖ್ಖನಿ ಎಂದರೆ ದಖ್ಖನಿನಲ್ಲಿ ಬೆಳೆದು ಕನ್ನಡ, ಮರಾಠಿ, ತೆಲುಗಿನ ಸಂಪರ್ಕದಿಂದ ರೂಪುಗೊಂಡ ಉರ್ದು. ಈ ಸೂಫಿ ಪರಂಪರೆಯ ಸುತ್ತ ಚಕ್ಕಿನಾಮಾ, ಚರಖಾನಾಮಾ, ಲೋರಿನಾಮಾ ಎಂಬ ಹಾಡುಗಳ ಪ್ರಕಾರವೇ ಬೆಳೆಯಿತು. ಚಕ್ಕಿನಾಮಾ ಬೀಸುವಾಗಿನದು, ಚರಖಾನಾಮಾ ನೂಲುವಾಗಿನದು, ಲೋರಿನಾಮಾ ಮಗುವನ್ನು ಮಲಗಿಸುವಾಗಿನದು. ಕೈಯ ಲಯಕ್ಕೆ ಜಿಕ್ರ್, ಅಂದರೆ ಅಲ್ಲಾಹನ ನಾಮಸ್ಮರಣೆ, ಹೊಂದಿಕೊಳ್ಳುವಂತೆ ಕಟ್ಟಿದ ಈ ಹಾಡುಗಳು ಹೆಂಗಸರ ಬಾಯಲ್ಲಿ ಉಳಿದು, ಅವರಿಂದ ಮಕ್ಕಳಿಗೆ ಹೋದವು. ಓದಲು ಬರೆಯಲು ಬಾರದ ಮನೆಗಳಿಗೆ ಇಸ್ಲಾಮಿನ ಮೂಲಪಾಠ ಹರಿದುಬಂದ ಮುಖ್ಯ ಕಾಲುವೆ ಇದೇ ಎಂದು 1978ರಲ್ಲಿ ಪ್ರಕಟವಾದ ಬಿಜಾಪುರದ ಸೂಫಿಗಳ ಮೇಲಿನ ಗ್ರಂಥದಲ್ಲಿ ಇತಿಹಾಸಕಾರ ರಿಚರ್ಡ್ ಈಟನ್ ವಾದಿಸಿದ್ದಾರೆ. ಹತ್ತಿ, ನೂಲು, ಮಗ್ಗದ ಮೇಲೆ ಬದುಕಿದ ಈ ಸೀಮೆಯಲ್ಲಿ ಮಲಗುವ ದುವಾ ತಾಯಿಯಿಂದ, ದಾದಿಯಿಂದ (ಅಪ್ಪನ ತಾಯಿ), ನಾನಿಯಿಂದ (ಅಮ್ಮನ ತಾಯಿ) ಮಕ್ಕಳಿಗೆ ಬರುತ್ತಿರುವ ರೀತಿಯನ್ನು ನೋಡಿದರೆ ಆ ವಾದ ಮನಸ್ಸಿಗೆ ಒಪ್ಪುತ್ತದೆ.

ಮನೆಯ ಪಾಠಕ್ಕೆ ಮಕ್ತಬಿನ ಪಾಠ ಜೊತೆಯಾಗುತ್ತದೆ. ಮಕ್ತಬ್ ಎಂದರೆ ಮಸೂತಿಗೆ ಹೊಂದಿಕೊಂಡ, ಶಾಲೆಗೆ ಮುನ್ನ ಅಥವಾ ಶಾಲೆ ಬಿಟ್ಟ ಮೇಲೆ ಮಕ್ಕಳು ಅರಬ್ಬಿ ಅಕ್ಷರ ಕಲಿಯುವ ತರಗತಿ. ಅಲ್ಲಿ ಬಾಯಿಪಾಠ ಮಾಡಿಸುವ ಆರು ಕಲಿಮಾಗಳಲ್ಲಿ, ಅಂದರೆ ನಂಬಿಕೆಯ ಕಿರುಪಾಠಗಳಲ್ಲಿ, ಐದನೆಯದರ ಹೆಸರೇ ಕಲಿಮಾ ಇಸ್ತಿಗ್ಫಾರ್. ತಿಳಿದು ಮಾಡಿದ, ತಪ್ಪಿ ಮಾಡಿದ, ಗುಟ್ಟಿನಲ್ಲಿ ಮಾಡಿದ, ಬಯಲಿನಲ್ಲಿ ಮಾಡಿದ, ತನಗೆ ಗೊತ್ತಿರುವ, ಗೊತ್ತೇ ಇಲ್ಲದ ಪಾಪಗಳನ್ನೆಲ್ಲ ಅದು ಎಣಿಸಿ ಕ್ಷಮೆ ಕೇಳುತ್ತದೆ. ಕಲಿಮಾಗಳನ್ನು ಹೀಗೆ ಆರರ ಗುಂಪಾಗಿ ಕಲಿಸುವುದು ಭಾರತ ಉಪಖಂಡದ ಬೋಧನಾ ಪದ್ಧತಿ. ಹದೀಸಿನಲ್ಲಿ ಈ ಕ್ರಮಾಂಕವಿಲ್ಲ. ಪ್ರಾಯಕ್ಕೆ ಬರುವವರೆಗೆ ಮಕ್ಕಳ ಮೇಲೆ ಪಾಪದ ಹೊಣೆಯಿಲ್ಲವೆಂಬುದು ಶಾಸ್ತ್ರ. ಆದರೂ ಕಲಿಸುವುದು ನಾಲಿಗೆಗೆ ರೂಢಿಯಾಗಲೆಂದು.

ಭಾಷೆಯ ವಿಷಯದಲ್ಲಿ ಇಲ್ಲಿಯ ಮನೆಗಳೆಲ್ಲ ಒಂದೇ ಬಗೆಯಲ್ಲ. ಹೆಚ್ಚಿನ ಕುಟುಂಬಗಳು ಮನೆಯಲ್ಲಿ ದಖ್ಖನಿ, ಸಂತೆಯಲ್ಲಿ ಕನ್ನಡ ಆಡುತ್ತವೆ. ಹತ್ತಿ ಎಕ್ಕಿ ಗಾದಿ, ದಿಂಬು ತಯಾರಿಸುವ ಕಸುಬಿನ ಪಿಂಜಾರರಲ್ಲಿ, ಅಂದರೆ ನದಾಫರಲ್ಲಿ, ಮನೆಮಾತೂ ಕನ್ನಡವೇ ಆಗಿರುವ ಕುಟುಂಬಗಳು ಉತ್ತರ ಕರ್ನಾಟಕದಲ್ಲಿ ಬಹಳ. ಹಳ್ಳಿಗಳಲ್ಲಿ ಮೊಹರಮ್ಮಿನ ರಿವಾಯತ್ ಪದಗಳನ್ನು ಕನ್ನಡದಲ್ಲೇ ಹಾಡುತ್ತಾರೆ. ಹೀಗೆ ಹೊರಗಿನ ಧಾರ್ಮಿಕ ಹಾಡು ಕನ್ನಡವಾದ ಕಡೆಯೂ ಹಾಸಿಗೆಯ ದುವಾ ಮಾತ್ರ ಅರಬ್ಬಿಯಲ್ಲೇ ಉಳಿದಿದೆ. ಅರಬ್ಬಿ ಓದಲಾಗದವರಿಗೆ ಕನ್ನಡ ಲಿಪಿಯಲ್ಲಿ ಪಾಠವನ್ನೂ ಕೆಳಗೆ ಅರ್ಥವನ್ನೂ ಕೊಡುವ ಪುಸ್ತಿಕೆಗಳು ಈಗ ಬಳಕೆಯಲ್ಲಿವೆ. ಮಂಗಳೂರಿನ ಶಾಂತಿ ಪ್ರಕಾಶನದಂಥ ಸಂಸ್ಥೆಗಳು ಇಸ್ಲಾಮೀ ಸಾಹಿತ್ಯವನ್ನು ಕನ್ನಡಕ್ಕೆ ತಂದಿವೆ. ಅರಬ್ಬಿಯ ಗಂಟಲಿನ ಅಕ್ಷರಗಳನ್ನು ಕನ್ನಡ ಲಿಪಿ ಪೂರ್ತಿ ಹಿಡಿಯಲಾರದಾದ್ದರಿಂದ ಪುಸ್ತಿಕೆಯ ಜೊತೆಗೆ ಬಲ್ಲವರ ಬಾಯಿಂದ ಕೇಳಿ ತಿದ್ದಿಕೊಳ್ಳುವುದು ಅಗತ್ಯ.

ವಿಶೇಷ ರಾತ್ರಿಗಳಲ್ಲಿ ಈ ಕ್ಷಮಾಯಾಚನೆ ಹಾಸಿಗೆಯಿಂದ ಮಸೂತಿಗೆ ಹೋಗುತ್ತದೆ. ಶಾಬಾನ್ ತಿಂಗಳ 15ನೆಯ ರಾತ್ರಿಯಾದ ಶಬೇ ಬರಾತಿನಲ್ಲಿ ಜನ ಎಚ್ಚರವಿದ್ದು ಪ್ರಾರ್ಥಿಸುತ್ತಾರೆ, ಖಬರಸ್ತಾನಕ್ಕೆ ಹೋಗಿ ತೀರಿಕೊಂಡ ಹಿರಿಯರ ಪರವಾಗಿಯೂ ಕ್ಷಮೆ ಬೇಡುತ್ತಾರೆ. ಆ ರಾತ್ರಿ ಗುಂಪಾಗಿ ಸೇರುವುದನ್ನು ಒಪ್ಪದ ಪಂಗಡಗಳೂ ಇವೆ. ರಮಜಾನಿನ ಕೊನೆಯ ಹತ್ತು ದಿನಗಳಲ್ಲಿ ಹುಡುಕುವ ಲೈಲತುಲ್ ಕದ್ರ್ ರಾತ್ರಿ ಏನು ಬೇಡಲಿ ಎಂದು ಆಯಿಶಾ ಕೇಳಿದಾಗ ಪ್ರವಾದಿಯವರು ಕಲಿಸಿದ್ದು ಸಂಪತ್ತಿನ ದುವಾ ಅಲ್ಲ, ಕ್ಷಮೆಯ ದುವಾ. ದರ್ಗಾಗಳಿಗೆ ಹರಕೆ ಹೊತ್ತು ಹೋಗುವವರೂ, ದರ್ಗಾದ ಆಚರಣೆಗಳನ್ನು ಒಪ್ಪದವರೂ ದಿನದ ಕೊನೆಗೆ ಹೇಳುವ ಪಾಠ ಒಂದೇ.

ಹಾಸಿಗೆಯ ದುವಾಕ್ಕೆ ರಾತ್ರಿಯೇ ಬೇಕೆಂದಿಲ್ಲ. ಬಹುತೇಕ ವರದಿಗಳಲ್ಲಿರುವುದು ಹಾಸಿಗೆಗೆ ಬಂದಾಗ ಎಂಬ ಮಾತಾದ್ದರಿಂದ, ಪಾವರ್‌ಲೂಮಿನಲ್ಲಿ ಅಥವಾ ಸಕ್ಕರೆ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಮಲಗುವವನೂ ಇದನ್ನು ಹೇಳಬಹುದು. ವುಜೂ ಉತ್ತಮವೇ ಹೊರತು ನಿಬಂಧನೆಯಲ್ಲ. ಮುಟ್ಟಿನ ದಿನಗಳಲ್ಲಿ ಹೆಂಗಸರಿಗೆ ನಮಾಜಿಲ್ಲ, ಹನಫಿ ಶಾಸ್ತ್ರದಂತೆ ಕುರ್‌ಆನ್ ಪಠಣವೂ ಇಲ್ಲ; ದುವಾ, ಜಿಕ್ರ್, ಇಸ್ತಿಗ್ಫಾರ್‌ಗಳಿಗೆ ಯಾವ ದಿನವೂ ತಡೆಯಿಲ್ಲ. ಹಾಸಿಗೆ ಹಿಡಿದ ರೋಗಿ ಮಲಗಿದಲ್ಲೇ ಹೇಳಬಹುದು. ಪಾಪ ಎಷ್ಟೇ ದೊಡ್ಡದಾಗಿರಲಿ ಅಲ್ಲಾಹನ ಕರುಣೆಯ ಬಗ್ಗೆ ನಿರಾಶರಾಗಬಾರದೆಂದು ಕುರ್‌ಆನ್ (39:53) ಹೇಳುವುದನ್ನು ಈ ಸುಲಭತೆಗೆ ಆಧಾರವಾಗಿ ವಿದ್ವಾಂಸರು ತೋರಿಸುತ್ತಾರೆ.

ರಿವಾಯತ್ ಪದಗಳಿಗೆ, ಬೀಸುವ ಪದಗಳಿಗೆ ಕನ್ನಡ ಜಾನಪದ ಅಧ್ಯಯನದಲ್ಲಿ ಸಿಕ್ಕ ಸ್ಥಾನ ಮನೆಯೊಳಗಿನ ದುವಾ ಮತ್ತು ಲೋರಿಗಳಿಗೂ ಸಿಗಬೇಕಾಗಿದೆ. ದಾದಿ, ನಾನಿಯರು ಅರಬ್ಬಿ ಪಾಠದ ಹಿಂದೆ ಮುಂದೆ ದಖ್ಖನಿಯಲ್ಲೋ ಕನ್ನಡದಲ್ಲೋ ಸೇರಿಸುವ ಬೇಡಿಕೆಯ ಮಾತುಗಳು ಯಾವ ಪುಸ್ತಿಕೆಯಲ್ಲೂ ಅಚ್ಚಾಗುವಂಥವಲ್ಲ. ಕೃಷ್ಣಾ, ಘಟಪ್ರಭೆಯ ನಡುವಿನ ಈ ಸೀಮೆಯ ಸಂಶೋಧಕರು, ಅದರಲ್ಲೂ ಆ ಮನೆಗಳಲ್ಲೇ ಬೆಳೆದ ವಿದ್ಯಾರ್ಥಿನಿಯರು, ಆ ಹಿರಿಯರು ಇರುವಾಗಲೇ ಅವನ್ನು ಕೇಳಿ ಬರೆದಿಡುವ ಕೆಲಸವನ್ನು ಕೈಗೆತ್ತಿಕೊಳ್ಳಬೇಕು.